ಹವ್ಯಾಸಿ ರೇಡಿಯೊ: ಮೈಸೂರಿನ ಮನೆಯಿಂದ ತುಂಗಭದ್ರೆಯ ದಂಡೆಗೆ

ಹವ್ಯಾಸಿ ರೇಡಿಯೊ ಎಂದರೆ ಸರ್ಕಾರದ ಪರವಾನಗಿ ಪಡೆದ ಖಾಸಗಿ ವ್ಯಕ್ತಿಗಳು, ಹಣ ಸಂಪಾದನೆಯ ಉದ್ದೇಶವಿಲ್ಲದೆ, ತಮ್ಮದೇ ಯಂತ್ರದಿಂದ ನಡೆಸುವ ಇಮ್ಮುಖ ನಿಸ್ತಂತು ಸಂಪರ್ಕ. ಜನ ಇದನ್ನು ಹ್ಯಾಮ್ ರೇಡಿಯೊ ಎನ್ನುತ್ತಾರೆ, ನಡೆಸುವವರನ್ನು ಹ್ಯಾಮ್‌ಗಳು ಎನ್ನುತ್ತಾರೆ. ಇದಕ್ಕೆ ಬೇಕಾದ್ದು ಒಂದು ಸೆಟ್ಟು, ಒಂದು ಬ್ಯಾಟರಿ, ಒಂದು ಆಂಟೆನಾ ಮತ್ತು ಆಚೆ ಬದಿಯಲ್ಲಿ ಇಷ್ಟೇ ಸಲಕರಣೆ ಇಟ್ಟುಕೊಂಡ ಇನ್ನೊಬ್ಬ ಮನುಷ್ಯ. ಮೊಬೈಲ್ ಫೋನಿಗೆ ಟವರ್ ಬೇಕು, ಟವರಿಗೆ ಕರೆಂಟು ಬೇಕು, ಟವರಿನಿಂದ ವಿನಿಮಯ ಕೇಂದ್ರದವರೆಗೆ ಕೇಬಲ್ ಬೇಕು. ನಡುವಿನ ಒಂದು ಕೊಂಡಿ ಕಳಚಿದರೂ ಇಡೀ ತಾಲ್ಲೂಕಿನ ಫೋನುಗಳು ಸುಮ್ಮನಾಗುತ್ತವೆ. ಹ್ಯಾಮ್ ರೇಡಿಯೊದಲ್ಲಿ ಕಳಚುವಂಥ ನಡುವಿನ ಕೊಂಡಿ ಇಲ್ಲ. ನೆರೆ, ಚಂಡಮಾರುತ, ಭೂಕಂಪಗಳ ಚರಿತ್ರೆಯಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಮಾರ್ಕೋನಿ 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದ ಮೇಲೆ ಯೂರೋಪು, ಅಮೆರಿಕಗಳಲ್ಲಿ ಶಾಲಾ ಹುಡುಗರಿಂದ ಎಂಜಿನಿಯರುಗಳವರೆಗೆ ಅನೇಕರು ಮನೆಯಲ್ಲೇ ಕಿಡಿ ಹಾರಿಸುವ ಪ್ರೇಷಕಗಳನ್ನು ಕಟ್ಟತೊಡಗಿದರು. 1913ರ ಮಾರ್ಚ್‌ನಲ್ಲಿ ಅಮೆರಿಕದ ಓಹಾಯೊ ಸೀಮೆಯಲ್ಲಿ ಭಾರಿ ನೆರೆ ಬಂದು ತಂತಿ ಕಂಬಗಳು ಉರುಳಿದಾಗ ಈ ಹವ್ಯಾಸಿಗಳು ಊರೂರಿನ ಸುದ್ದಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಆಪತ್ಕಾಲದ ಹವ್ಯಾಸಿ ರೇಡಿಯೊದ ಮೊದಲ ದೊಡ್ಡ ಉದಾಹರಣೆಯೆಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ಮರುವರ್ಷ ಅಮೆರಿಕದ ಹವ್ಯಾಸಿಗಳು ಸಂಘ ಕಟ್ಟಿಕೊಂಡರು. ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ 1925ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು.

ಭಾರತದಲ್ಲಿ ಈ ಹವ್ಯಾಸ 1921ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಮೊದಲ ಪರವಾನಗಿದಾರರು. 1929ರಿಂದ ಭಾರತದ ನಿಲ್ದಾಣಗಳ ಕರೆಗುರುತು ‘ವಿಯು’ ಅಕ್ಷರಗಳಿಂದ ಆರಂಭವಾಗತೊಡಗಿತು, ಇಂದಿಗೂ ಹಾಗೆಯೇ ಇದೆ. 1933ರ ಭಾರತೀಯ ನಿಸ್ತಂತು ತಂತಿ ಕಾಯ್ದೆ ಬಂದ ಮೇಲೆ ಪರವಾನಗಿಯಿಲ್ಲದೆ ನಿಸ್ತಂತು ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವಾಯಿತು. ವಸಾಹತು ಸರ್ಕಾರಕ್ಕೆ ಪ್ರಜೆಗಳ ಕೈಯಲ್ಲಿ ಪ್ರೇಷಕವಿರುವುದು ಹಿತವಾದ ಸಂಗತಿಯಾಗಿರಲಿಲ್ಲ.

ಮೈಸೂರು ಸಂಸ್ಥಾನದ ಗಾಳಿ ಇದಕ್ಕಿಂತ ಬೇರೆಯಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್‌ನ ಫಿಲಿಪ್ಸ್ ಪ್ರೇಷಕವೊಂದನ್ನು ಕೂರಿಸಿ ಪ್ರಸಾರ ಆರಂಭಿಸಿದರು. ಹವ್ಯಾಸಿ ರೇಡಿಯೊದ ಚರಿತ್ರೆಯಲ್ಲಿ ‘ವಿಯು6ಎಎಚ್’ ಎಂಬ ಮೈಸೂರಿನ ಕರೆಗುರುತಿನ ಜೊತೆ ಅವರ ಹೆಸರೂ ಸೇರಿಕೊಂಡಿದೆ. 30 ವ್ಯಾಟ್ ಎಂದರೆ ಮನೆಯ ಒಂದು ಸಣ್ಣ ಬಲ್ಬು ನುಂಗುವಷ್ಟು ಶಕ್ತಿ. ಅಷ್ಟರಲ್ಲೇ ಸಂಗೀತ, ಉಪನ್ಯಾಸ, ನಾಟಕಗಳು ಮೈಸೂರಿನ ಮನೆಗಳನ್ನು ಮುಟ್ಟಿದವು. ಕೆಲವು ಕಾಲದ ಮೇಲೆ 250 ವ್ಯಾಟ್‌ನ ಯಂತ್ರ ಬಂತು. 1940ರ ದಶಕದ ಮೊದಲಲ್ಲಿ ಸಂಸ್ಥಾನವೇ ಕೇಂದ್ರವನ್ನು ವಹಿಸಿಕೊಂಡಿತು. ಮುಂದೆ ಅದು ಅಖಿಲ ಭಾರತ ಆಕಾಶವಾಣಿಯಲ್ಲಿ ಲೀನವಾಯಿತು. ಕನ್ನಡ ನಾಡಿನ ಪ್ರಸಾರ ಹುಟ್ಟಿದ್ದು ಸರ್ಕಾರಿ ಕಚೇರಿಯ ಆದೇಶದಿಂದಲ್ಲ, ಯಂತ್ರದ ಮೇಲೆ ಮನಸ್ಸಿಟ್ಟ ಒಬ್ಬ ಪ್ರಾಧ್ಯಾಪಕರ ಮನೆಯಲ್ಲಿ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮುಂದಿನ ತೊಂಬತ್ತು ವರ್ಷಗಳಲ್ಲಿ ಕರ್ನಾಟಕದ ಹವ್ಯಾಸಿ ರೇಡಿಯೊ ಬೆಳೆದದ್ದೂ ಹೀಗೆಯೇ, ಕೆಲವರ ಸ್ವಂತ ಆಸಕ್ತಿ ಮತ್ತು ಸ್ವಂತ ಖರ್ಚಿನ ಮೇಲೆ.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಹವ್ಯಾಸಿಗಳ ಪರವಾನಗಿಗಳನ್ನು ರದ್ದುಮಾಡಿ ಪ್ರೇಷಕಗಳನ್ನು ಒಪ್ಪಿಸುವಂತೆ ಆದೇಶವಾಯಿತು. ಆದರೂ 1942ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಭೂಗತ ಕಾಂಗ್ರೆಸ್ ರೇಡಿಯೊವನ್ನು ನಡೆಸಲು ಸಾಧ್ಯವಾದದ್ದು ಹವ್ಯಾಸಿಗಳ ಕೈಚಳಕ, ರೇಡಿಯೊ ವ್ಯಾಪಾರಿಗಳ ಬಿಡಿಭಾಗಗಳ ನೆರವಿನಿಂದ. ನವೆಂಬರಿನಲ್ಲಿ ಪೊಲೀಸರು ಅದನ್ನು ಹಿಡಿದರು. ಯುದ್ಧ ಮುಗಿದು ನಿರ್ಬಂಧ ಸಡಿಲವಾದ ಮೇಲೆ, 1948ರ ಮೇ 15ರಂದು ಮಧ್ಯಭಾರತದ ಮ್ಹೌ ದಂಡಿನಲ್ಲಿದ್ದ ಸೇನಾ ಸಿಗ್ನಲ್ ಶಾಲೆಯಲ್ಲಿ ಭಾರತದ ಹವ್ಯಾಸಿ ರೇಡಿಯೊ ಸಂಘ ಸ್ಥಾಪನೆಯಾಯಿತು. ಆ ಕಾಲದ ಹ್ಯಾಮ್‌ಗಳಲ್ಲಿ ಸೈನ್ಯದಲ್ಲಿ ಸಿಗ್ನಲ್ ಕೆಲಸ ಕಲಿತವರು ಬಹಳ ಮಂದಿ. ಯುದ್ಧ ಬಿಟ್ಟುಹೋದ ಹಳೆಯ ಸೈನಿಕ ಸೆಟ್ಟುಗಳೇ ಅವರ ಬಂಡವಾಳ.

ಕರ್ನಾಟಕದಲ್ಲಿ ಈ ಹವ್ಯಾಸದ ತವರು ಬೆಂಗಳೂರು. 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಆರಂಭವಾಗಿ ಕವಾಟ (ವಾಲ್ವ್), ಟ್ರಾನ್ಸಿಸ್ಟರ್‌ಗಳ ತಯಾರಿಕೆ ಬೇರೂರಿತು. ಅದರ ಸುತ್ತ ಎಲೆಕ್ಟ್ರಾನಿಕ್ಸ್ ಬಲ್ಲ ಒಂದು ಪೀಳಿಗೆ ಬೆಳೆಯಿತು. 1959ರಲ್ಲಿ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಹುಟ್ಟಿತು. ಸದರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹುಡುಕುವುದು, ಸೀಸದ ಬೆಸುಗೆ ಹಾಕುವುದು, ಹಳೆಯ 807 ಕವಾಟದ ಸುತ್ತ ಪ್ರೇಷಕ ಕಟ್ಟುವುದು ಆ ತಲೆಮಾರಿನ ದಿನಚರಿ. ಹೊರದೇಶದ ಸೆಟ್ಟು ತರಿಸಲು ಸುಂಕ ದುಬಾರಿಯಾಗಿತ್ತು. ಸ್ವತಃ ಹ್ಯಾಮ್ ಆಗಿದ್ದ ರಾಜೀವ್ ಗಾಂಧಿಯವರ ಕಾಲದ ಆಸುಪಾಸಿನಲ್ಲಿ, 1980ರ ದಶಕದಲ್ಲಿ, ಹವ್ಯಾಸಿಗಳಿಗೆ ಆ ಸುಂಕದ ಹೊರೆ ಇಳಿದ ಮೇಲೆ ಜಪಾನಿನ ಸೆಟ್ಟುಗಳು ಬರತೊಡಗಿದವು.

ಮನೆಯಲ್ಲೇ ಕಟ್ಟುವ ರೂಢಿ ಅಷ್ಟಕ್ಕೆ ನಿಲ್ಲಲಿಲ್ಲ. 2000ದ ದಶಕದ ಮೊದಲಲ್ಲಿ ಹೈದರಾಬಾದಿನ ಅಶರ್ ಫರ್ಹಾನ್ ‘ಬಿಟೆಕ್ಸ್’ ಎಂಬ ಸೆಟ್ಟನ್ನು ರೂಪಿಸಿದರು. ಭಾರತದ ಯಾವ ರೇಡಿಯೊ ರಿಪೇರಿ ಅಂಗಡಿಯಲ್ಲೂ ಸಿಗುವ ಅಗ್ಗದ ಟ್ರಾನ್ಸಿಸ್ಟರ್‌ಗಳಿಂದ ಅದನ್ನು ಕಟ್ಟಬಹುದಿತ್ತು. ಅದರ ಸುರುಳಿಗಳನ್ನು ಸುತ್ತಲು ಆರಿಸಿಕೊಂಡದ್ದು ನಲ್ಲಿಗೆ ಹಾಕುವ ವಾಷರ್! ಕಬ್ಬಿಣದ ಅಂಗಡಿಯ ಈ ವಾಷರ್‌ನ ಮೇಲೆ ತಾಮ್ರದ ತಂತಿ ಸುತ್ತಿದ ಸೆಟ್ಟು ಶಾರ್ಟ್‌ವೇವ್‌ನಲ್ಲಿ ದೇಶದಾಚೆಗೂ ಮಾತಾಡಬಲ್ಲದಾಗಿತ್ತು. ದೊಡ್ಡ ಪೇಟೆಯಿಂದ ದೂರವಿರುವ ಊರಿನವರಿಗೆ ಈ ವಿನ್ಯಾಸ ಕೊಟ್ಟ ಧೈರ್ಯ ದೊಡ್ಡದು. ಕೆಟ್ಟರೆ ರಿಪೇರಿಗೆ ಬೆಂಗಳೂರಿಗೆ ಕಳಿಸಬೇಕಾಗಿಲ್ಲ, ಕಟ್ಟಿದವರೇ ಬಿಚ್ಚಿ ನೋಡಬಹುದು.

ಬೆಂಗಳೂರು ಈ ಹವ್ಯಾಸಕ್ಕೆ ಕೊಟ್ಟ ಇನ್ನೊಂದು ದೊಡ್ಡ ಕೊಡುಗೆ ಆಕಾಶದಲ್ಲಿತ್ತು. ಇಸ್ರೊ ಸಂಸ್ಥೆಯ ಬೆಂಗಳೂರು ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ‘ಹ್ಯಾಮ್‌ಸ್ಯಾಟ್’ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ, ಕಾರ್ಟೊಸ್ಯಾಟ್-1ರ ಜೊತೆಗೆ ಮೇಲೇರಿತು. 42.5 ಕಿಲೊ ತೂಕದ ಈ ಪುಟ್ಟ ಉಪಗ್ರಹದಲ್ಲಿ ಎರಡು ಮರುಪ್ರಸಾರಕಗಳಿದ್ದವು. ಒಂದನ್ನು ಭಾರತದ ಹವ್ಯಾಸಿಗಳು ಕಟ್ಟಿದ್ದರು, ಇನ್ನೊಂದನ್ನು ನೆದರ್ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿ ಕಟ್ಟಿದ್ದ. ಉಪಗ್ರಹ ತಲೆಯ ಮೇಲೆ ಹಾದುಹೋಗುವ ಕೆಲವೇ ನಿಮಿಷಗಳಲ್ಲಿ, ಕೈಯಲ್ಲಿ ಹಿಡಿದ ಆಂಟೆನಾದಿಂದ ಸಾವಿರಾರು ಕಿಲೊಮೀಟರ್ ದೂರದವರೊಡನೆ ಮಾತಾಡಬಹುದಿತ್ತು. ಅದು 2014ರ ಜುಲೈವರೆಗೆ ದುಡಿಯಿತು.

ಆಪತ್ತಿನ ದಿನಗಳಲ್ಲಿ ಭಾರತದ ಹ್ಯಾಮ್‌ಗಳು ಮಾಡಿದ ಕೆಲಸದ ದಾಖಲೆ 1970ರ ದಶಕದಿಂದ ಸ್ಪಷ್ಟವಾಗಿ ಸಿಗುತ್ತದೆ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯನ್ನು ಚಂಡಮಾರುತ ಬಡಿದು ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಹ್ಯಾಮ್‌ಗಳು ಸಂಪರ್ಕಕ್ಕೆ ನಿಂತರು. 1979ರ ಆಗಸ್ಟಿನಲ್ಲಿ ಗುಜರಾತಿನ ಮೋರ್ವಿಯಲ್ಲಿ ಅಣೆಕಟ್ಟೆ ಒಡೆದಾಗಲೂ, 1999ರಲ್ಲಿ ಒಡಿಶಾದ ಮಹಾ ಚಂಡಮಾರುತದಲ್ಲೂ, 2001ರ ಜನವರಿ 26ರ ಭುಜ್ ಭೂಕಂಪದಲ್ಲೂ ಇದೇ ಕೆಲಸ ನಡೆಯಿತು. ಇವೆಲ್ಲಕ್ಕಿಂತ ಹೆಚ್ಚು ಕಲಿಸುವ ಘಟನೆ 2004ರ ಸುನಾಮಿಯದು. ಆ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿನಲ್ಲಿ ಸೆಟ್ಟು ಹೂಡಿತ್ತು. ಅಂಡಮಾನಿನಿಂದ ಹವ್ಯಾಸಿ ರೇಡಿಯೊ ಕೇಳಿಬಂದು ಎಷ್ಟೋ ವರ್ಷಗಳಾಗಿದ್ದರಿಂದ ಆ ದ್ವೀಪದ ಸಂಪರ್ಕಕ್ಕಾಗಿ ಜಗತ್ತಿನ ಹ್ಯಾಮ್‌ಗಳೆಲ್ಲ ಕಾದಿದ್ದರು. ತಂಡ ಬಂದದ್ದು ಹವ್ಯಾಸಕ್ಕೆ. 26ರ ಮುಂಜಾನೆ ನೆಲ ನಡುಗಿ, ಸಮುದ್ರ ಉಕ್ಕಿ, ದ್ವೀಪಗಳ ಫೋನುಗಳು ಸತ್ತಾಗ ಅದೇ ಸೆಟ್ಟು, ಅದೇ ಆಂಟೆನಾ ಮುಖ್ಯಭೂಮಿಯ ಜೊತೆಗಿನ ಕೊಂಡಿಯಾಯಿತು. ಬದುಕಿರುವವರ ಹೆಸರುಗಳು, ಬೇಕಾದ ಔಷಧಿಗಳ ಪಟ್ಟಿ, ಆಡಳಿತದ ಸಂದೇಶಗಳು ಅದರ ಮೂಲಕ ಹರಿದವು. ಬಳಿಕ ಕಾರ್ ನಿಕೋಬಾರಿನಲ್ಲೂ ನಿಲ್ದಾಣ ತೆರೆಯಲಾಯಿತು.

ಈ ಘಟನೆಯಲ್ಲಿ ಅದೃಷ್ಟದ ಪಾಲು ಇದೆ, ಆದರೆ ಅದೃಷ್ಟವನ್ನು ಬಳಸಿಕೊಂಡದ್ದು ರೂಢಿ. ವಾರಗಟ್ಟಲೆ ದಿನವಿಡೀ ಕರೆಗಳನ್ನು ಸ್ವೀಕರಿಸುತ್ತಿದ್ದವರಿಗೆ ಯಾವ ಹೊತ್ತಿನಲ್ಲಿ ಯಾವ ತರಂಗಾಂತರ ಚೆನ್ನೈಗೆ ಮುಟ್ಟುತ್ತದೆ, ಯಾವುದು ದೆಹಲಿಗೆ ಮುಟ್ಟುತ್ತದೆ ಎಂಬುದು ಕರತಲಾಮಲಕವಾಗಿತ್ತು. ಕಪಾಟಿನಲ್ಲಿ ಬೀಗ ಹಾಕಿಟ್ಟ ಸೆಟ್ಟನ್ನು ಆಪತ್ತಿನ ದಿನ ಹೊರತೆಗೆದವರಿಗೆ ಈ ತಿಳಿವಳಿಕೆ ಬರುವುದಿಲ್ಲ. ಬ್ಯಾಟರಿ ಇಳಿದಿರುತ್ತದೆ, ಕೇಬಲ್ಲಿನ ಕನೆಕ್ಟರ್ ಸಡಿಲವಾಗಿರುತ್ತದೆ, ಆಚೆ ಬದಿಯಲ್ಲಿ ಕೇಳುವವರು ಯಾರೆಂಬುದೇ ಗೊತ್ತಿರುವುದಿಲ್ಲ.

ಆಪತ್ತೆಂದರೆ ನೆರೆ, ಭೂಕಂಪಗಳಷ್ಟೇ ಅಲ್ಲ. ಬಂಗಾಳದ ಗಂಗಾಸಾಗರ ಮೇಳದಲ್ಲಿ ಪಶ್ಚಿಮ ಬಂಗಾಳ ರೇಡಿಯೊ ಕ್ಲಬ್ಬಿನ ಹ್ಯಾಮ್‌ಗಳು ವರ್ಷವರ್ಷವೂ ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ಯಾತ್ರಿಕರನ್ನು, ಅದರಲ್ಲೂ ಮುದುಕರನ್ನು, ಅವರ ಮನೆಯವರಿಗೆ ಸೇರಿಸುತ್ತ ಬಂದಿದ್ದಾರೆ. ಲಕ್ಷಾಂತರ ಜನ ಒಂದೆಡೆ ಸೇರಿದಾಗ ಮೊಬೈಲ್ ಟವರು ಕೆಟ್ಟಿರದಿದ್ದರೂ ಕರೆ ಹೋಗುವುದಿಲ್ಲ. ಈ ಮಾತು ತುಂಗಭದ್ರೆಯ ಬಲದಂಡೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಈ ಬಲದಂಡೆಯ ಸೀಮೆ. ಹಿಂದೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ನೆಲ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿ, ಮತ್ತೆ ಬಳ್ಳಾರಿಗೆ ಮರಳಿಸಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಕೊಡಲಾಯಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. ಜಿಲ್ಲಾ ಕೇಂದ್ರ ಬಳ್ಳಾರಿಯೋ ದಾವಣಗೆರೆಯೋ ಹೊಸಪೇಟೆಯೋ, ಯಾವುದಾದರೂ ಹರಪನಹಳ್ಳಿಯ ನದಿ ದಂಡೆಯ ಹಳ್ಳಿಗೆ ಅದು ದೂರದ ಊರೇ. ಸುದ್ದಿ ಮುಟ್ಟಿಸುವ ಪ್ರಶ್ನೆ ಇಲ್ಲಿ ಹಳೆಯದು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬಂದಾಗ ಹಳಿಯ ಪಕ್ಕದಲ್ಲಿ ತಂತಿಯೂ ಬಂತು. ಹತ್ತಿ, ಕಡಲೆಕಾಯಿ ವ್ಯಾಪಾರಕ್ಕೆ ಅದು ಅನುಕೂಲವಾಯಿತು. ಆ ಹಳಿ ಕೊಟ್ಟೂರಿನಲ್ಲೇ ಮುಗಿಯುತ್ತಿತ್ತು, ಅದು ಹರಪನಹಳ್ಳಿಯನ್ನು ಹಾದು ಹರಿಹರವನ್ನು ಮುಟ್ಟಲು ಒಂದು ಶತಮಾನ ಹಿಡಿಯಿತು. ಅಂಚೆ ಕಚೇರಿಯ ಟೆಲಿಗ್ರಾಂ ದೇಶದಾದ್ಯಂತ 2013ರ ಜುಲೈಯಲ್ಲಿ ನಿಂತುಹೋಯಿತು. ಅಂದಿನಿಂದ ಸಾರ್ವಜನಿಕರ ಪಾಲಿಗೆ ಉಳಿದದ್ದು ಫೋನಿನ ಜಾಲವೊಂದೇ.

ಇಲ್ಲಿಯ ನೆರೆ ಬಹುಪಾಲು ಮೋಡವಿಲ್ಲದ ಆಕಾಶದ ಕೆಳಗೆ ಬರುತ್ತದೆ. ಈ ಸೀಮೆ ಮಳೆ ಕಡಿಮೆಯ ಬಯಲು. ಮಳೆ ಬೀಳುವುದು ಮಲೆನಾಡಿನಲ್ಲಿ. ಗಾಜನೂರಿನಲ್ಲಿ ತುಂಗೆಯ ಅಣೆ ತುಂಬಿ, ಭದ್ರೆಯ ಗೇಟು ತೆರೆದರೆ ನೀರು ಹೊನ್ನಾಳಿ, ಹರಿಹರ ದಾಟಿ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು, ಗರ್ಭಗುಡಿ ಕಡೆಯ ಹೊಲಗಳಿಗೆ ನುಗ್ಗುತ್ತದೆ, ರಸ್ತೆ ಮುಳುಗುತ್ತದೆ. ಇನ್ನೂ ಕೆಳಗೆ, ಗಳಗನಾಥದ ಬಳಿ ವರದಾ ನದಿ ಬಂದು ಕೂಡುತ್ತದೆ, ಎರಡು ನದಿಗಳ ಪ್ರವಾಹದ ಭಾರ ಹಡಗಲಿ ತಾಲ್ಲೂಕಿನ ದಂಡೆಯ ಮೇಲೆ ಬೀಳುತ್ತದೆ. ಅದರ ಕೆಳಗೆ ತುಂಗಭದ್ರಾ ಜಲಾಶಯದ ಹಿನ್ನೀರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವೇ ನೆರೆಯಲ್ಲಿ ಮುಳುಗಿತು. 2019ರ ಆಗಸ್ಟಿನಲ್ಲಿ ನದಿ ಮತ್ತೆ ತುಂಬಿ ಹರಿಯಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಕೆಳದಂಡೆಯ ಊರುಗಳನ್ನು ರಾತ್ರೋರಾತ್ರಿ ಎಚ್ಚರಿಸಬೇಕಾಯಿತು. ನೀರಿಗಿಂತ ಮೊದಲು ಸುದ್ದಿ ಬಂದರೆ ದನಕರು, ಪಂಪ್‌ಸೆಟ್ಟು, ಮನೆಯ ಕಾಳುಕಡ್ಡಿ ಉಳಿಯುತ್ತವೆ. ಹೊಳೆ ದಂಡೆಯ ಊರುಗಳಲ್ಲಿ ಒಂದೆರಡು ಗಂಟೆಯ ಮುನ್ಸೂಚನೆಗೆ ಇರುವ ಬೆಲೆ ಇದು.

ಜಾತ್ರೆಯ ದಿನಗಳದು ಇನ್ನೊಂದು ಬಗೆಯ ಒತ್ತಡ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಕಾರಣಿಕವನ್ನು, ಅಂದರೆ ಭವಿಷ್ಯವಾಣಿಯನ್ನು, ಕೇಳಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ಕೊಟ್ಟೂರಿನ ಗುರು ಬಸವೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಭಕ್ತರು ರಾತ್ರಿಯಿಡೀ ಪಾದಯಾತ್ರೆಯಲ್ಲಿ ಬರುತ್ತಾರೆ. 2017ರ ಫೆಬ್ರುವರಿ 21ರಂದು ಆ ತೇರು ಎಳೆಯುವಾಗಲೇ ಉರುಳಿ ಹಲವರು ಗಾಯಗೊಂಡರು. ಅಂಥ ಗಳಿಗೆಯಲ್ಲಿ ಅಲ್ಲಿರುವ ಪ್ರತಿಯೊಬ್ಬರೂ ಜೇಬಿನ ಫೋನು ತೆಗೆಯುತ್ತಾರೆ, ಎಲ್ಲರ ಕರೆಯೂ ಒಂದೇ ಟವರಿನ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಂಬ್ಯುಲೆನ್ಸು ಯಾವ ಓಣಿಯಿಂದ ಬರಬೇಕು, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂಬ ಎರಡು ಮಾತನ್ನು ದಾಟಿಸಲು ಬೇರೆಯದೇ ದಾರಿ ಬೇಕಾಗುತ್ತದೆ. ಗಂಗಾಸಾಗರದಲ್ಲಿ ಹ್ಯಾಮ್‌ಗಳು ಮಾಡುತ್ತಿರುವ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಮೈಲಾರ, ಕೊಟ್ಟೂರುಗಳಿಗಿಂತ ತಕ್ಕ ಜಾಗ ಕಡಿಮೆ.

ಯಾವ ಸೆಟ್ಟು ಬೇಕೆಂಬುದನ್ನು ನೆಲದ ಏರುತಗ್ಗು ತೀರ್ಮಾನಿಸುತ್ತದೆ. ಹ್ಯಾಮ್‌ಗಳು ಊರೊಳಗಿನ ಮಾತಿಗೆ ಬಳಸುವುದು 144ರಿಂದ 146 ಮೆಗಾಹರ್ಟ್ಸ್‌ನ, ‘ಎರಡು ಮೀಟರ್’ ಎಂದು ಕರೆಯುವ ಪಟ್ಟಿ. ಇದರ ಅಲೆಗಳು ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತವೆ, ಭೂಮಿಯ ಬಾಗು ಅಡ್ಡ ಬಂದ ಕಡೆ ಮುಗಿಯುತ್ತವೆ. ಬಯಲಿನಲ್ಲಿ ಎರಡು ಕಾರುಗಳ ಮೇಲೆ, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ ಲೆಕ್ಕದ ಪ್ರಕಾರ ಸುಮಾರು 12 ಕಿಲೊಮೀಟರ್ ಮಾತು ಮುಟ್ಟುತ್ತದೆ. ಒಂದು ಕೊನೆಯ ಆಂಟೆನಾವನ್ನು 20 ಮೀಟರ್ ಕಂಬಕ್ಕೆ ಏರಿಸಿದರೆ 24 ಕಿಲೊಮೀಟರ್ ಆಗುತ್ತದೆ. ಬಯಲಿನಿಂದ 100 ಮೀಟರ್ ಎತ್ತರದ ಗುಡ್ಡದ ನೆತ್ತಿಗೆ ಕೊಂಡೊಯ್ದರೆ 45 ಕಿಲೊಮೀಟರ್ ದಾಟುತ್ತದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಒಂಟಿ ಗುಡ್ಡದ ಬೆಲೆ ಇಲ್ಲಿ ಗೊತ್ತಾಗುತ್ತದೆ. ಪಾಳೆಯಗಾರರಿಗೆ ದೂರದ ದಂಡು ಕಾಣಿಸುತ್ತಿದ್ದ ಜಾಗವೇ ರೇಡಿಯೊ ಅಲೆಗೂ ಒಳ್ಳೆಯ ಜಾಗ. ಅಂಥ ಎತ್ತರದಲ್ಲಿ ರಿಪೀಟರ್ ಇಟ್ಟರೆ, ಅದು ಕೆಳಗಿನ ಕೈಸೆಟ್ಟಿನ 5 ವ್ಯಾಟ್ ದನಿಯನ್ನು ಹಿಡಿದು, 600 ಕಿಲೊಹರ್ಟ್ಸ್ ಅಂತರದ ಇನ್ನೊಂದು ತರಂಗಾಂತರದಲ್ಲಿ ಸುತ್ತಲ ಸೀಮೆಗೆಲ್ಲ ಮರಳಿ ಹರಡುತ್ತದೆ. ಕೂಡ್ಲಿಗಿಯಿಂದ ಗುಡೇಕೋಟೆ, ಜರಿಮಲೆ ಕಡೆಗೆ ನೆಲ ಬಂಡೆಗುಡ್ಡಗಳಿಂದ ತುಂಬಿದೆ. ಅಲ್ಲಿ ಗುಡ್ಡದ ಮರೆಗೆ ಹೋದ ವಾಹನದ ದನಿ ಥಟ್ಟನೆ ಕಡಿದುಹೋಗುತ್ತದೆ, ನೂರು ಮಾರು ಮುಂದೆ ಸರಿದರೆ ಮತ್ತೆ ಬರುತ್ತದೆ.

ತಾಲ್ಲೂಕಿನಿಂದ ಹೊಸಪೇಟೆಗೆ, ಬೆಂಗಳೂರಿಗೆ ನೇರ ಮಾತಾಡಬೇಕಾದರೆ ಶಾರ್ಟ್‌ವೇವ್‌ನ ನೆರವು ಬೇಕು. ಇಲ್ಲಿ ಅಲೆಗಳನ್ನು ಹೆಚ್ಚುಕಡಿಮೆ ನೇರ ಮೇಲಕ್ಕೆ ಕಳಿಸಿ, ವಾಯುಮಂಡಲದ ಅಯಾನು ಪದರದಿಂದ ಮಳೆಯ ಹಾಗೆ ಕೆಳಗಿಳಿಸಿಕೊಳ್ಳುವ ವಿಧಾನವಿದೆ. ಹಗಲಲ್ಲಿ 7 ಮೆಗಾಹರ್ಟ್ಸ್, ರಾತ್ರಿ 3.5 ಮೆಗಾಹರ್ಟ್ಸ್ ಇದಕ್ಕೆ ಹೊಂದುತ್ತವೆ. ಸುತ್ತಲ ಮುನ್ನೂರು ಕಿಲೊಮೀಟರ್‌ನಲ್ಲಿ ಗುಡ್ಡ, ಕಣಿವೆ ಯಾವುದೂ ಅಡ್ಡಿಯಾಗುವುದಿಲ್ಲ. ಬೇಕಾದ ಆಂಟೆನಾವೂ ಸರಳ: ತಲಾ ಹತ್ತು ಮೀಟರ್ ಉದ್ದದ ಎರಡು ತಂತಿ, ನಡುವೆ ಕೇಬಲ್, ಎರಡು ತುದಿಗೆ ನೈಲಾನ್ ಹಗ್ಗ. ಶಾಲೆಯ ಅಂಗಳದ ಎರಡು ಬೇವಿನ ಮರಗಳ ನಡುವೆ ಆರೇಳು ಮೀಟರ್ ಎತ್ತರದಲ್ಲಿ ಕಟ್ಟಿದರೆ ಸಾಕು. ಈ ಕೆಲಸಕ್ಕೆ ಆಂಟೆನಾ ಬಹಳ ಎತ್ತರದಲ್ಲಿ ಇರಬಾರದು, ಎತ್ತರಿಸಿದಷ್ಟೂ ಅಲೆ ದೂರದ ದೇಶಗಳ ಕಡೆ ವಾಲುತ್ತದೆ, ಹತ್ತಿರದ ಊರಿಗೆ ಕೇಳದಂತಾಗುತ್ತದೆ. ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ.

ವಾಹನದಲ್ಲಿ ಸೆಟ್ಟು ಇಟ್ಟುಕೊಳ್ಳುವ ರೂಢಿ ಭಾರತದಲ್ಲಿ ಬಲಗೊಂಡದ್ದು ಕಾರ್ ರ್ಯಾಲಿಗಳಿಂದ. 1980ರಲ್ಲಿ ಆರಂಭವಾದ ಹಿಮಾಲಯನ್ ಕಾರ್ ರ್ಯಾಲಿಯಲ್ಲಿ ಹ್ಯಾಮ್‌ಗಳು ಕಣಿವೆಯಿಂದ ಕಣಿವೆಗೆ ಸುದ್ದಿ ದಾಟಿಸಿದರು. ಕರ್ನಾಟಕದಲ್ಲಿ ಕೆ-1000 ರ್ಯಾಲಿಯಂಥ ಸ್ಪರ್ಧೆಗಳು ಬೆಂಗಳೂರಿನ ಹ್ಯಾಮ್‌ಗಳಿಗೆ ತರಬೇತಿಯ ಕಣವಾದವು. ಯಾವ ಕಾರು ಯಾವ ಠಾಣೆ ದಾಟಿತು, ಯಾವುದು ಬರಲಿಲ್ಲ, ಅಪಘಾತವಾಗಿದ್ದರೆ ಎಲ್ಲಿ ಎಂಬ ವರದಿಯನ್ನು ಧೂಳು, ರಾತ್ರಿ, ಕಾಡುದಾರಿಗಳ ನಡುವೆ ಗಡಿಬಿಡಿಯಿಲ್ಲದೆ ಕಳಿಸುವುದು ಅಲ್ಲಿಯ ಕೆಲಸ. ನೆರೆಯ ದಿನ ಮಾಡಬೇಕಾದ್ದೂ ಇದೇ. ಮೋಜಿನ ಸ್ಪರ್ಧೆಯೆಂದು ಕಾಣುವ ರ್ಯಾಲಿ ಹ್ಯಾಮ್‌ಗಳ ಮಟ್ಟಿಗೆ ಆಪತ್ತಿನ ತಾಲೀಮು ಆಗಿತ್ತು.

ಜೀಪು, ಕಾರುಗಳಲ್ಲಿ ಸೆಟ್ಟು ಕೂರಿಸುವಾಗ ಅನುಭವಿಗಳು ಪಾಲಿಸುವ ಕೆಲವು ಕಟ್ಟುಗಳಿವೆ. 50 ವ್ಯಾಟ್‌ನ ಎರಡು ಮೀಟರ್ ಸೆಟ್ಟು ಮಾತಾಡುವಾಗ ಹತ್ತು ಆಂಪಿಯರ್‌ಗೂ ಮಿಕ್ಕಿ ಕರೆಂಟು ಎಳೆಯುತ್ತದೆ. 100 ವ್ಯಾಟ್‌ನ ಶಾರ್ಟ್‌ವೇವ್ ಸೆಟ್ಟಿಗೆ ಇಪ್ಪತ್ತರ ಸುಮಾರು ಬೇಕು. ಫೋನು ಚಾರ್ಜ್ ಮಾಡುವ ಸಿಗರೇಟ್ ಲೈಟರ್ ಸಾಕೆಟ್ಟು ಇದನ್ನು ತಾಳುವುದಿಲ್ಲ, ವೈರು ಬಿಸಿಯಾಗಿ ಕರಗುತ್ತದೆ. ಆದ್ದರಿಂದ ದಪ್ಪ ವೈರನ್ನು ನೇರ ಬ್ಯಾಟರಿಯಿಂದ ಎಳೆದು, ಬ್ಯಾಟರಿಗೆ ಸಮೀಪದಲ್ಲೇ ಫ್ಯೂಸ್ ಹಾಕಬೇಕು. ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಮಾತಾಡಿದರೆ ಗಾಡಿ ಮತ್ತೆ ಸ್ಟಾರ್ಟ್ ಆಗದ ಅಪಾಯವಿದೆ. ನೆರೆಯ ದಂಡೆಯಲ್ಲಿ ಇದು ಸಣ್ಣ ಮಾತಲ್ಲ. ಬೇರೆಯದೇ ಒಂದು ಬ್ಯಾಟರಿ, ಸಾಧ್ಯವಾದರೆ ಅದನ್ನು ತುಂಬಲು ಒಂದು ಸೌರಫಲಕ, ಜೊತೆಗಿರುವುದು ಮೇಲು.

ಆಂಟೆನಾಕ್ಕೆ ಗಾಡಿಯ ಚಾವಣಿಯ ನಟ್ಟನಡುವೆ ಉತ್ತಮ ಜಾಗ. 145 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ಉದ್ದದ ಕಡ್ಡಿ ಸುಮಾರು 49 ಸೆಂಟಿಮೀಟರ್, ಅಂದರೆ ಮೊಳಕ್ಕಿಂತ ತುಸು ಹೆಚ್ಚು. ಕೆಳಗಿನ ಕಬ್ಬಿಣದ ತಗಡೇ ಅದರ ಇನ್ನರ್ಧವಾಗಿ ಕೆಲಸ ಮಾಡುತ್ತದೆ. ಅಯಸ್ಕಾಂತದ ಬುಡದ ಆಂಟೆನಾವನ್ನು ರಂಧ್ರ ಕೊರೆಯದೆ ಕೂರಿಸಬಹುದು, ಕೆಲಸ ಮುಗಿದ ಮೇಲೆ ತೆಗೆದಿಡಬಹುದು. ಶಾರ್ಟ್‌ವೇವ್‌ನಲ್ಲಿ ಇಷ್ಟು ಸುಲಭವಿಲ್ಲ. 7 ಮೆಗಾಹರ್ಟ್ಸ್‌ನ ಕಾಲು ಅಲೆ ಹತ್ತು ಮೀಟರ್ ಆಗುವುದರಿಂದ ಗಿಡ್ಡ ಕಡ್ಡಿಗೆ ಸುರುಳಿ ಸೇರಿಸಬೇಕಾಗುತ್ತದೆ, ಶಕ್ತಿಯ ಒಂದು ಪಾಲು ಅದರಲ್ಲೇ ಸೋರಿಹೋಗುತ್ತದೆ. ಅನುಭವಿಗಳು ಜೀಪನ್ನು ಊರ ಮುಂದೆ ನಿಲ್ಲಿಸಿ, ಮರಕ್ಕೆ ತಂತಿ ಕಟ್ಟಿಯೇ ಮಾತಾಡುವುದು ಇದಕ್ಕೇ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಚಟಪಟ, ಆಲ್ಟರ್ನೇಟರಿನ ಕೊಯ್‌ಗುಟ್ಟುವ ಸದ್ದು ಸ್ಪೀಕರಿನಲ್ಲಿ ಕೇಳಿಬಂದರೆ ವೈರಿಗೆ ಫೆರೈಟ್ ಉಂಗುರ ತೊಡಿಸಿ, ಗಾಡಿಯ ಮೈಗೆ ಅರ್ಥಿಂಗ್ ಬಿಗಿಮಾಡಿ ತಗ್ಗಿಸುತ್ತಾರೆ.

ಪರವಾನಗಿಯ ನಿಯಮಗಳಿಗೂ ಒಂದು ಚರಿತ್ರೆ ಇದೆ. 1978ರ ಹವ್ಯಾಸಿ ಸೇವಾ ನಿಯಮಗಳ ಕಾಲದಲ್ಲಿ ಮೋರ್ಸ್ ಸಂಕೇತ ಕಲಿಯದೆ ಪೂರ್ಣ ಪರವಾನಗಿ ಸಿಗುತ್ತಿರಲಿಲ್ಲ. ಕಡ್ಡಿ, ಚುಕ್ಕಿಗಳ ಆ ಭಾಷೆಯನ್ನು ಕಿವಿಯಲ್ಲಿ ಹಿಡಿಯಲಾರದೆ ಹಿಂದೆ ಸರಿದವರು ಎಷ್ಟೋ ಮಂದಿ. ಈಗ ದರ್ಜೆಗಳು ಎರಡು. ನಿರ್ಬಂಧಿತ ದರ್ಜೆಗೆ ಮೋರ್ಸ್ ಬೇಡ, ಗರಿಷ್ಠ ಶಕ್ತಿ 50 ವ್ಯಾಟ್, ಕರೆಗುರುತು ‘ವಿಯು3’ರಿಂದ ಆರಂಭ. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದ ಮೋರ್ಸ್ ಬೇಕು, ಶಾರ್ಟ್‌ವೇವ್‌ನಲ್ಲಿ 400 ವ್ಯಾಟ್‌ವರೆಗೆ ಅವಕಾಶ, ಕರೆಗುರುತು ‘ವಿಯು2’ರಿಂದ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಪ್ರಶ್ನೆಗಳು ರೇಡಿಯೊ ತತ್ತ್ವ ಮತ್ತು ನಿಯಮಗಳ ಮೇಲೆ, ಹೈಸ್ಕೂಲಿನ ವಿಜ್ಞಾನ ಚೆನ್ನಾಗಿ ಓದಿದವರಿಗೆ ಕಷ್ಟದವಲ್ಲ. ಅರ್ಜಿ ದೂರಸಂಪರ್ಕ ಇಲಾಖೆಯ ‘ಸರಳ್ ಸಂಚಾರ್’ ಜಾಲತಾಣದಲ್ಲಿ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು, ಬೆಂಗಳೂರು, ಮಂಗಳೂರುಗಳ ಕ್ಲಬ್ಬುಗಳು ಪರೀಕ್ಷೆಗೆ ತಯಾರು ಮಾಡುತ್ತವೆ. ಒಳನಾಡಿನ ತಾಲ್ಲೂಕುಗಳಲ್ಲಿ ಇಂಥ ಕ್ಲಬ್ಬು ಬೇರೂರದಿರುವುದು ಕರ್ನಾಟಕದ ಹವ್ಯಾಸಿ ರೇಡಿಯೊದ ದೊಡ್ಡ ಕೊರತೆ. ನೆರೆ ಬರುವ ಊರೊಂದು ಕಡೆ, ಪಳಗಿದ ಕೈ ಇನ್ನೊಂದು ಕಡೆ ಎಂಬಂತಾಗಿದೆ.

ಹವ್ಯಾಸಿ ನಿಲ್ದಾಣ ಸಾಮಾನ್ಯ ದಿನಗಳಲ್ಲಿ ಬೇರೆಯವರ ಪರವಾಗಿ ಸಂದೇಶ ಕಳಿಸುವಂತಿಲ್ಲ. ವ್ಯಾಪಾರದ ಮಾತು, ರಾಜಕೀಯ, ಸಂಗೀತ ಯಾವುದೂ ಸಲ್ಲದು. ನೆರೆ, ಚಂಡಮಾರುತ, ಭೂಕಂಪಗಳಲ್ಲಿ ಮಾತ್ರ, ಜಿಲ್ಲಾಧಿಕಾರಿಯಂಥ ಅಧಿಕಾರಿಗಳ ಕೋರಿಕೆಯ ಮೇಲೆ, ಈ ನಿರ್ಬಂಧ ಸಡಿಲವಾಗುತ್ತದೆ. ಆದುದರಿಂದ ತಹಶೀಲ್ದಾರರ ಕಚೇರಿಗೆ ತಾಲ್ಲೂಕಿನ ಹ್ಯಾಮ್‌ಗಳ ಹೆಸರು ಮೊದಲೇ ಗೊತ್ತಿರಬೇಕು, ಹ್ಯಾಮ್‌ಗಳಿಗೆ ಕಚೇರಿಯ ನಿಯಂತ್ರಣ ಕೊಠಡಿ ಗೊತ್ತಿರಬೇಕು.

ಆಪತ್ತಿನ ದಿನದ ಕೆಲಸ ಒಂದು ಕಟ್ಟಿಗೆ ಒಳಪಟ್ಟಿರುತ್ತದೆ. ಒಂದು ನಿಲ್ದಾಣ, ಹೆಚ್ಚಾಗಿ ತಾಲ್ಲೂಕು ಕೇಂದ್ರದಲ್ಲಿರುವುದು, ನಿಯಂತ್ರಣ ವಹಿಸುತ್ತದೆ. ಅದು ಕರೆದಾಗ ಮಾತ್ರ ಉಳಿದವರು ಮಾತಾಡುತ್ತಾರೆ, ಪ್ರಾಣಾಪಾಯದ ಸುದ್ದಿ ಇದ್ದವರು ಮಾತ್ರ ನಡುವೆ ಬಾಯಿ ಹಾಕಬಹುದು. ಸಂದೇಶವನ್ನು ಕಾಗದದ ಮೇಲೆ ಬರೆದುಕೊಂಡೇ ಓದಬೇಕು: ಸಂಖ್ಯೆ, ಹೊರಟ ಹೊತ್ತು, ಯಾರಿಂದ, ಯಾರಿಗೆ, ಆಮೇಲೆ ವಿಷಯ. ‘ಗರ್ಭಗುಡಿಯಲ್ಲಿ ನೀರು ಬಂದಿದೆ’ ಎಂದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ನೀರು ಯಾವ ಗುರುತಿನವರೆಗೆ ಏರಿದೆ, ರಸ್ತೆ ಎಲ್ಲಿ ಕಡಿದಿದೆ, ಎಷ್ಟು ಮನೆಯವರನ್ನು ಸಾಗಿಸಬೇಕು, ಅವರಲ್ಲಿ ಬಾಣಂತಿ, ಹಾಸಿಗೆ ಹಿಡಿದವರು ಎಷ್ಟು ಜನ, ದೋಣಿ ಬೇಕೋ ಟ್ರಾಕ್ಟರ್ ಸಾಕೋ, ಇಷ್ಟನ್ನು ಹೇಳಿದರೆ ಅಧಿಕಾರಿ ನಿರ್ಧಾರ ತೆಗೆದುಕೊಳ್ಳಬಹುದು. ಕೇಳಿದವರು ಅಂಕಿಗಳನ್ನು ಒಂದೊಂದಾಗಿ ಮರಳಿ ಓದಿ ಹೇಳಬೇಕು. ಊರ ಹೆಸರು ಸರಿಯಾಗಿ ಕೇಳದಿದ್ದರೆ ಅಕ್ಷರ ಬಿಡಿಸಿ ಹೇಳಬೇಕು. ಹಳ್ಳಿ, ತಾಂಡಾ, ಕ್ಯಾಂಪುಗಳ ಹೆಸರುಗಳು ಒಂದಕ್ಕೊಂದು ಹೋಲುವ ಈ ಸೀಮೆಯಲ್ಲಿ ದೋಣಿ ತಪ್ಪಿ ಬೇರೆ ಊರಿಗೆ ಹೋಗದಿರಲು ಇದೊಂದೇ ಉಪಾಯ. ಪ್ರತಿ ಸಂದೇಶವೂ ಲಾಗ್ ಪುಸ್ತಕದಲ್ಲಿ ಹೊತ್ತಿನ ಸಮೇತ ದಾಖಲಾಗುತ್ತದೆ. ಫೋನುಗಳು ಮರಳಿ ಬಂದವೆಂದು ಕಂದಾಯ ಅಧಿಕಾರಿಗಳು ತಿಳಿಸಿದ ಮೇಲೆಯೇ ನಿಯಂತ್ರಣ ನಿಲ್ದಾಣ ಒಂದೊಂದೇ ಕರೆಗುರುತನ್ನು ಕೂಗಿ ಬಿಡುಗಡೆ ಮಾಡುತ್ತದೆ, ತಲುಪದೆ ಉಳಿದ ಸಂದೇಶಗಳ ಪಟ್ಟಿಯನ್ನು ಕಚೇರಿಗೆ ಒಪ್ಪಿಸುತ್ತದೆ.